ಕಂಪ್ಯೂಟರಿಗೂ ಬೇಕು ಜೀರ್ಣೋದ್ಧಾರದ ದತ್ತಿ

ಸೊರಬ ತಾಲ್ಲೂಕಿನಲ್ಲಿ, ಆನವಟ್ಟಿಗೆ ಸಮೀಪದ ಕುಬಟೂರಿನಲ್ಲಿ ಕೈಟಭೇಶ್ವರನ ಗುಡಿ ಇದೆ. ಕ್ರಿ.ಶ. 1100ರ ಆಸುಪಾಸಿನದು. ಅದನ್ನು ಕಟ್ಟಿದವರ ಕೈಚಳಕವನ್ನು ಹೊಗಳುವವರು ಬೇಕಾದಷ್ಟು ಮಂದಿ ಇದ್ದಾರೆ. ಆ ಕಾಲದವರ ಇನ್ನೊಂದು ಗುಣವನ್ನು ನೆನೆಯುವವರು ಕಡಿಮೆ. ಕನ್ನಡ ನಾಡಿನ ದಾನಶಾಸನಗಳನ್ನು ಓದುತ್ತ ಹೋದರೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಒಡೆದದ್ದನ್ನು, ಬಿರುಕು ಬಿಟ್ಟದ್ದನ್ನು, ಹಳತಾದದ್ದನ್ನು ಸರಿಪಡಿಸುವುದಕ್ಕೆಂದೇ ಇಷ್ಟು ಗದ್ದೆ, ಇಷ್ಟು ತೋಟ, ಇಷ್ಟು ಸುಂಕದ ಹುಟ್ಟುವಳಿ ಎಂದು ದಾನ ಕೊಟ್ಟ ದಿನವೇ ಬರೆದಿಡುತ್ತಿದ್ದರು. ಕೆರೆಗೂ ಹಾಗೆಯೇ. ಕಟ್ಟಿಸಿದವರು ಏರಿ, ತೂಬುಗಳ ದುರಸ್ತಿಗೆ ‘ಬಿತ್ತುವಟ್ಟ’ ಎಂದು ಜಮೀನು ಬಿಟ್ಟುಕೊಡುತ್ತಿದ್ದರು. ಕಟ್ಟುವ ದಿನವೇ ಕೆಡುವ ದಿನವನ್ನೂ ಎಣಿಸಿದ ಬುದ್ಧಿ ಅದು. ಇವತ್ತು ನಾನು ಹೇಳಹೊರಟಿರುವುದು ಹೋಬಳಿ ಕಚೇರಿಯ, ಶಾಲೆಯ, ಸಹಕಾರ ಸಂಘದ ಮೇಜಿನ ಮೇಲಿರುವ ವಿಂಡೋಸ್ ಕಂಪ್ಯೂಟರಿನ ಮಾತು. ಅದರ ಡ್ರೈವರ್ ಮತ್ತು ಫರ್ಮ್‌ವೇರ್‌ಗಳನ್ನು ಕಾಲಕಾಲಕ್ಕೆ ನವೀಕರಿಸುವುದು ಯಾರಿಗಾದರೂ ಬಿಡುವು ಸಿಕ್ಕಾಗ ಮಾಡುವ ಕೆಲಸವಾಗಬಾರದು. ಅದೂ ಜೀರ್ಣೋದ್ಧಾರವೇ. ಯಂತ್ರ ಕೊಳ್ಳುವ ದಿನವೇ ಅದಕ್ಕೆ ಹಣ, ದಿನ, ಹೊಣೆಗಾರ ಮೂರೂ ಗೊತ್ತಾಗಿರಬೇಕು ಎಂಬುದು ನನ್ನ ವಾದ.

ನಾಡಕಚೇರಿಯ ಕಿಟಕಿಯ ಮುಂದೆ ನಿಂತವರಿಗೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರ ಹೊಸದಲ್ಲ. ‘ಕರೆಂಟ್ ಇಲ್ಲ’ ಎನ್ನುವಷ್ಟೇ ಸಲೀಸಾಗಿ ಅದು ನಮ್ಮ ಮಾತಿನಲ್ಲಿ ಸೇರಿಹೋಗಿದೆ. ಆದರೆ ‘ಸರ್ವರ್ ಇಲ್ಲ’ ಎಂಬ ಎರಡು ಪದಗಳ ಹಿಂದೆ ಹತ್ತು ಕಾರಣಗಳು ಅಡಗಿ ಕೂತಿರುತ್ತವೆ. ಬೆಂಗಳೂರಿನ ದತ್ತಾಂಶ ಕೇಂದ್ರದಲ್ಲಿ ಸರ್ವರ್ ನಿಜವಾಗಿಯೇ ನಿಂತಿರಬಹುದು. ದಾರಿಯಲ್ಲಿ ಕೇಬಲ್ ಕಡಿದಿರಬಹುದು. ಶುಂಠಿ ಕಿತ್ತು, ಸಸಿ ನಾಟಿ ಮಾಡಿ ಸವೆದ ಬೆರಳಿನ ಗೆರೆಗಳು ಯಂತ್ರಕ್ಕೆ ಸಿಗದೆ ಇರಬಹುದು. ಅಥವಾ ಬೆರಳಚ್ಚಿನ ಯಂತ್ರ ಕಂಪ್ಯೂಟರಿಗೆ ಸಿಕ್ಕಿಸಿದ್ದರೂ ವಿಂಡೋಸ್‌ಗೆ ಅದು ಕಾಣದೆ ಇರಬಹುದು. ಮೊದಲ ಎರಡು ಹೋಬಳಿಯವರ ಕೈಯಲ್ಲಿಲ್ಲ. ಮೂರನೆಯದು ದುಡಿಯುವ ದೇಹದ ಸಹಜ ಧರ್ಮ. ನಾಲ್ಕನೆಯದು ಮಾತ್ರ ಮೇಜಿನ ಮೇಲೆಯೇ ಇರುವ, ಅರ್ಧ ಗಂಟೆಯಲ್ಲಿ ಸರಿಹೋಗಬಹುದಾದ ದೋಷ. ನಾಲ್ಕಕ್ಕೂ ಒಂದೇ ಹೆಸರಿಟ್ಟದ್ದರಿಂದ ಸರಿಪಡಿಸಬಹುದಾದದ್ದೂ ದೈವದ ಪಾಲಿಗೆ ಸೇರಿಬಿಟ್ಟಿದೆ. ಇದು ಸಣ್ಣ ವಿಷಯವಲ್ಲ. ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದ ಮೇಲೆ ಕೈಬರಹದ ಪಹಣಿಗೆ ಬೆಲೆ ಉಳಿಯಲಿಲ್ಲ. ಅದು ಆಗಬೇಕಾದ ಕೆಲಸವೇ ಆಗಿತ್ತು. ತಿದ್ದುಪಡಿಯ ಹೆಸರಿನಲ್ಲಿ ನಡೆಯುತ್ತಿದ್ದ ಎಷ್ಟೋ ಅನ್ಯಾಯ ಅದರಿಂದ ನಿಂತಿತು. ಆದರೆ ಹಳೆಯ ದಾರಿಯನ್ನು ಮುಚ್ಚಿದ ಮೇಲೆ ಹೊಸ ದಾರಿಯನ್ನು ಗುಂಡಿ ಬೀಳದಂತೆ ನೋಡಿಕೊಳ್ಳುವ ಹೊಣೆ ಇಮ್ಮಡಿಯಾಗುತ್ತದೆ. ಪಹಣಿಗೆಂದು ಒಂದು ದಿನದ ಕೂಲಿ ಬಿಟ್ಟು ಆನವಟ್ಟಿಗೆ ಬಂದವನಿಗೆ ಬೇರೆ ಕಿಟಕಿ ಇಲ್ಲ.

ಡ್ರೈವರ್ ಎಂದರೆ ನಮಗೆ ಮೊದಲು ನೆನಪಾಗುವುದು ಬಸ್ಸಿನ ಚಾಲಕ. ಕಂಪ್ಯೂಟರಿನೊಳಗಿನ ಡ್ರೈವರ್ ಕೆಲಸ ಬೇರೆ. ವಿಂಡೋಸ್‌ಗೆ ಸಾವಿರಾರು ಬಗೆಯ ಪ್ರಿಂಟರು, ಸ್ಕ್ಯಾನರು, ವೈಫೈ ಚಿಪ್ಪುಗಳ ಒಳಮರ್ಮ ತಿಳಿದಿರುವುದಿಲ್ಲ. ‘ಈ ಪುಟವನ್ನು ಅಚ್ಚು ಹಾಕು’ ಎಂದು ಅದು ಒಂದೇ ಬಗೆಯಲ್ಲಿ ಹೇಳುತ್ತದೆ. ಆ ಮಾತನ್ನು ಆಯಾ ಯಂತ್ರಕ್ಕೆ ಅರ್ಥವಾಗುವ ಆಜ್ಞೆಯಾಗಿ ಬದಲಿಸುವ ದುಭಾಷಿಯೇ ಡ್ರೈವರ್. ಅದು ಇರುವುದು ವಿಂಡೋಸ್‌ನ ಮಗ್ಗುಲಲ್ಲಿ, ಡಿಸ್ಕಿನ ಮೇಲೆ. ಫರ್ಮ್‌ವೇರ್ ಇರುವುದು ಯಂತ್ರದ ಒಡಲಲ್ಲೇ: ಮದರ್‌ಬೋರ್ಡಿನ ಚಿಪ್ಪಿನಲ್ಲಿ, ಡಿಸ್ಕಿನೊಳಗೆ, ನೆಟ್‌ವರ್ಕ್ ಕಾರ್ಡಿನೊಳಗೆ. ಗುಂಡಿ ಒತ್ತಿದ ಕ್ಷಣದಲ್ಲಿ, ವಿಂಡೋಸ್ ಕಣ್ಣು ಬಿಡುವುದಕ್ಕೂ ಮೊದಲು ಎಚ್ಚರಗೊಳ್ಳುವುದು ಅದು. ಒಂದು ಕಾಲದಲ್ಲಿ ಫರ್ಮ್‌ವೇರ್ ಶಿಲಾಶಾಸನದಂತಿತ್ತು. ಕಾರ್ಖಾನೆಯಲ್ಲಿ ಕೆತ್ತಿದ್ದೇ ಕೊನೆ, ತಪ್ಪಿದ್ದರೆ ಚಿಪ್ಪನ್ನೇ ಕಿತ್ತು ಬದಲಿಸಬೇಕು. ಆಮೇಲೆ ಬಂದ ಫ್ಲಾಶ್ ಚಿಪ್ಪು ನಮ್ಮ ಮಲೆನಾಡಿನ ಕಡತದಂಥದ್ದು. ಬಟ್ಟೆಗೆ ಹುಣಿಸೆಬೀಜದ ಸರಿ, ಇದ್ದಿಲಪುಡಿ ಬಳಿದು ಮಡಚಿ, ಬಳಪದಲ್ಲಿ ಬರೆದು, ಬೇಡವಾದಾಗ ಅಳಿಸಿ ಮತ್ತೆ ಬರೆಯುತ್ತಿದ್ದ ಆ ಹಳೆಯ ಕಡತ. ತಿದ್ದಬಹುದಾದ್ದರಿಂದ ಅನುಕೂಲ ಹೆಚ್ಚಿತು. ತಿದ್ದಬಹುದಾದ್ದರಿಂದಲೇ ಅಪಾಯವೂ ಹೆಚ್ಚಿತು. 1999ರ ಏಪ್ರಿಲ್ 26ರಂದು ಸಿಐಎಚ್ ಎಂಬ ವೈರಸ್ ಲೋಕದ ತುಂಬ ಕಂಪ್ಯೂಟರುಗಳಲ್ಲಿ ತೋರಿಸಿಕೊಟ್ಟದ್ದು ಈ ಅಪಾಯವನ್ನೇ. ಡಿಸ್ಕಿನ ಜೊತೆಗೆ ಕೆಲವು ಯಂತ್ರಗಳಲ್ಲಿ ಮದರ್‌ಬೋರ್ಡಿನ ಫ್ಲಾಶ್ ಬರಹವನ್ನೂ ಅದು ಹಾಳುಮಾಡಿತು. ಅಂಥ ಯಂತ್ರಗಳು ಗುಂಡಿ ಒತ್ತಿದರೂ ಏಳಲಿಲ್ಲ.

ಬೆರಳಚ್ಚಿನ ಯಂತ್ರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ನಮ್ಮ ಹಳ್ಳಿಗಳಿಗೆ ಅತಿ ಹತ್ತಿರದ್ದು ಅದು. ಆಧಾರ್ ದೃಢೀಕರಣಕ್ಕೆ 2017ರಿಂದ ‘ನೋಂದಾಯಿತ ಸಾಧನ’ಗಳ ಪದ್ಧತಿ ಬಂತು. ಬೆರಳಿನ ಚಿತ್ರ ಹೊರಗೆ ಹೋಗುವ ಮೊದಲೇ ಅದನ್ನು ಗೂಢಲಿಪಿಗೆ ತಿರುಗಿಸಿ, ‘ಇದು ಈ ಸಾಧನದಿಂದಲೇ, ಈಗಲೇ ಬಂದದ್ದು’ ಎಂದು ಡಿಜಿಟಲ್ ಸಹಿ ಹಾಕಬೇಕು. ಮೊದಲ ಹಂತದ, ಎಲ್-ಸೊನ್ನೆ ಎಂದು ಕರೆಯುವ ಸಾಧನಗಳಲ್ಲಿ ಈ ಸಹಿ ಬೀಳುತ್ತಿದ್ದುದು ಕಂಪ್ಯೂಟರಿನೊಳಗಿನ ತಂತ್ರಾಂಶದಲ್ಲಿ. ಮುಂದಿನ, ಎಲ್-ಒಂದು ಸಾಧನಗಳಲ್ಲಿ ಅದು ಸಾಧನದ ಒಳಗೇ, ಭದ್ರ ಕೋಣೆಯಂಥ ಒಂದು ಭಾಗದಲ್ಲಿ ಬೀಳುತ್ತದೆ. ಅಂದರೆ ನಂಬಿಕೆಯ ಜಾಗ ವಿಂಡೋಸ್‌ನಿಂದ ಫರ್ಮ್‌ವೇರ್‌ಗೆ ಇಳಿದಿದೆ. ಸಾಧನದ ಫರ್ಮ್‌ವೇರ್, ವಿಂಡೋಸ್‌ನ ಡ್ರೈವರ್, ಅದರ ಮೇಲೆ ಆಪರೇಟರುಗಳು ‘ಆರ್‌ಡಿ ಸರ್ವೀಸ್’ ಎನ್ನುವ ತಂತ್ರಾಂಶ, ಅದರ ಮೇಲೆ ಬ್ರೌಸರ್ — ಈ ಸರಪಳಿಯ ಒಂದು ಕೊಂಡಿ ಹಳತಾದರೂ ಪರದೆಯ ಮೇಲೆ ‘ಸಾಧನ ಸಿದ್ಧವಿಲ್ಲ’ ಎಂಬ ಮಾತು ಬರುತ್ತದೆ. ಅದನ್ನು ಕಿಟಕಿಯಾಚೆಗೆ ಹೇಳುವಾಗ ‘ಸರ್ವರ್ ಇಲ್ಲ’ ಎಂದಾಗುತ್ತದೆ. ಆಪರೇಟರನ್ನು ನಾನು ದೂರುತ್ತಿಲ್ಲ. ಆ ಸರಪಳಿಯನ್ನು ನೋಡಿಕೊಳ್ಳುವ ಕೆಲಸವನ್ನು ಯಾರ ಹೆಸರಿಗೂ ಬರೆದುಕೊಡದ ವ್ಯವಸ್ಥೆಯ ಕಡೆಗೆ ಬೊಟ್ಟು ಮಾಡುತ್ತಿದ್ದೇನೆ.

‘ನಡೀತಾ ಇರೋದನ್ನ ಯಾಕೆ ಮುಟ್ಟಬೇಕು?’ ಎಂಬುದು ಇದಕ್ಕೆ ಎದುರಾಗುವ ಮೊದಲ ಮಾತು, ಬಲವಾದ ಮಾತು. ಒಳ್ಳೆಯ ಕುಶಲಕರ್ಮಿಗಳೂ ಹೀಗೇ ಹೇಳುತ್ತಾರೆ. ಏತಕ್ಕೆ, ಗಾಣಕ್ಕೆ ಅದು ಸಲ್ಲುತ್ತದೆ, ಏಕೆಂದರೆ ಅವು ಕೆಡುವ ಮೊದಲು ಸದ್ದು ಮಾಡುತ್ತವೆ. ಫರ್ಮ್‌ವೇರ್ ಸದ್ದು ಮಾಡುವುದಿಲ್ಲ. 2019ರ ನವೆಂಬರಿನಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಕಂಪನಿ ಸರ್ವರುಗಳಲ್ಲಿ ಬಳಸುವ ತನ್ನ ಕೆಲವು ಮಾದರಿಯ ಎಸ್‌ಎಸ್‌ಡಿ ಡಿಸ್ಕುಗಳ ಬಗ್ಗೆ ಒಂದು ಎಚ್ಚರಿಕೆ ಹೊರಡಿಸಿತು. ಅವುಗಳ ಫರ್ಮ್‌ವೇರ್ ನವೀಕರಿಸದಿದ್ದರೆ ಸರಿಯಾಗಿ 32,768 ಗಂಟೆ ಓಡಿದ ಮೇಲೆ ಡಿಸ್ಕು ಸಾಯುತ್ತದೆ. ಡಿಸ್ಕೂ ಉಳಿಯದು, ಅದರಲ್ಲಿರುವ ದತ್ತಾಂಶವೂ ಉಳಿಯದು ಎಂದು. ಲೆಕ್ಕ ಹಾಕಿ ನೋಡಿ: 3 ವರ್ಷ, 270 ದಿನ, 8 ಗಂಟೆ. ಹದಿನೈದು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ ಬರುವ ಸಂಖ್ಯೆ 32,768. ಗಂಟೆ ಎಣಿಸುವ ಪಾತ್ರೆ ಅಲ್ಲಿಗೆ ತುಂಬಿ ಚೆಲ್ಲುವಂತಿತ್ತು. ಆ ಡಿಸ್ಕುಗಳು 32,767ನೆಯ ಗಂಟೆಯವರೆಗೂ ಚೆನ್ನಾಗಿಯೇ ನಡೆಯುತ್ತಿದ್ದವು. ಇನ್ನೂ ಕಳವಳದ ಸಂಗತಿ ಬೇರೆ ಇದೆ. ಸರ್ವರುಗಳಲ್ಲಿ ಒಂದು ಡಿಸ್ಕು ಹೋದರೆ ಇನ್ನೊಂದು ಕಾಯಲಿ ಎಂದು ನಾಲ್ಕಾರು ಡಿಸ್ಕುಗಳನ್ನು ಜೋಡಿಸಿರುತ್ತಾರೆ. ಆದರೆ ಒಂದೇ ದಿನ ಕೊಂಡು ಒಂದೇ ದಿನ ಚಾಲೂ ಮಾಡಿದ ಡಿಸ್ಕುಗಳು ಒಂದೇ ಗಂಟೆಗೆ ಸಾಯುವುದಾದರೆ ಕಾಯುವವರು ಯಾರು? 2020ರ ಮಾರ್ಚಿನಲ್ಲಿ ಅದೇ ಕಂಪನಿ ಬೇರೆ ಕೆಲವು ಮಾದರಿಗಳಿಗೆ 40,000 ಗಂಟೆಯ ಇಂಥದೇ ಎಚ್ಚರಿಕೆ ಕೊಟ್ಟಿತು. ಆ ಎರಡು ಸುತ್ತೋಲೆಗಳನ್ನು ಓದಿ ಡಿಸ್ಕಿನ ಮಾದರಿ ಸಂಖ್ಯೆಯನ್ನು ಹೊಂದಿಸಿ ನೋಡಿ, ಫರ್ಮ್‌ವೇರ್ ನವೀಕರಿಸಿದವರ ದತ್ತಾಂಶ ಉಳಿಯಿತು. ‘ಮುಟ್ಟಬಾರದು’ ಎಂಬ ನಿಯಮ ಇಲ್ಲಿ ಕೈಕೊಡುತ್ತಿತ್ತು.

ಎಚ್ಚರಿಕೆಯ ಗಂಟೆ ಬಾರಿಸದೆ ಮುಗಿಯುವ ಇನ್ನೊಂದು ಅವಧಿಯೂ ಇದೆ. ಈಗಿನ ವಿಂಡೋಸ್ ಕಂಪ್ಯೂಟರುಗಳಲ್ಲಿ ‘ಸೆಕ್ಯೂರ್ ಬೂಟ್’ ಎಂಬ ಕಾವಲು ಇರುತ್ತದೆ. ಯಂತ್ರ ಏಳುವಾಗ ಮೊದಲು ಓಡುವ ತಂತ್ರಾಂಶದ ಸಹಿ ಅಸಲಿಯೇ ಎಂದು ಫರ್ಮ್‌ವೇರ್ ತನ್ನೊಳಗಿಟ್ಟುಕೊಂಡ ಪ್ರಮಾಣಪತ್ರದ ಜೊತೆ ತಾಳೆ ನೋಡುತ್ತದೆ. ಬಹುಪಾಲು ಯಂತ್ರಗಳಲ್ಲಿ ಆ ಪ್ರಮಾಣಪತ್ರಗಳು ಮೈಕ್ರೋಸಾಫ್ಟ್ 2011ರಲ್ಲಿ ಕೊಟ್ಟವು. 2026ರ ಜೂನ್‌ನಿಂದ ಅಕ್ಟೋಬರ್ ನಡುವೆ ಅವುಗಳ ಅವಧಿ ಮುಗಿಯುತ್ತದೆ. 2023ರ ಹೊಸ ಪ್ರಮಾಣಪತ್ರಗಳು ಯಂತ್ರದೊಳಕ್ಕೆ ಹೋಗಬೇಕು, ಕೆಲವು ಯಂತ್ರಗಳಿಗೆ ಅದಕ್ಕೂ ಮೊದಲು ತಯಾರಕರ ಫರ್ಮ್‌ವೇರ್ ಬೇಕು. ಹೋಗದಿದ್ದರೂ ಕಂಪ್ಯೂಟರ್ ಏಳುತ್ತದೆ, ಕೆಲಸ ಮಾಡುತ್ತದೆ. ಆದರೆ ಏಳುವ ಹಂತದ ರಕ್ಷಣೆಗೆ ಮುಂದೆ ಬರುವ ತಿದ್ದುಪಡಿಗಳು ಅದಕ್ಕೆ ಸಿಗುವುದಿಲ್ಲ. ಬಾಗಿಲಿಗೆ ಬೀಗ ಇರುತ್ತದೆ, ಹೊಸ ಕಳ್ಳಕೀಲಿ ಬಂದಾಗ ಆ ಬೀಗ ಬದಲಾಗುವುದಿಲ್ಲ. ಸರ್ವರುಗಳಲ್ಲಿ ಇದಕ್ಕಿಂತ ಆಳದ ಬಾಗಿಲೊಂದು ಉಂಟು. ಮುಖ್ಯ ಯಂತ್ರ ಮಲಗಿದ್ದಾಗಲೂ ಎಚ್ಚರವಿರುವ ಪುಟ್ಟ ನಿಯಂತ್ರಕ ಚಿಪ್ಪು ಅದು. ಡೆಲ್‌ನವರು ಐಡ್ರಾಕ್ ಎಂದೂ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್‌ನವರು ಐಲೋ ಎಂದೂ ಕರೆಯುತ್ತಾರೆ. ದೂರದಿಂದಲೇ ಸರ್ವರನ್ನು ಏಳಿಸುವುದು, ಮಲಗಿಸುವುದು, ಹೊಸ ವಿಂಡೋಸ್ ಹಾಕುವುದು ಎಲ್ಲ ಅದರಿಂದ ಸಾಧ್ಯ. 2017ರಲ್ಲಿ ಐಲೋ-4ರಲ್ಲಿ ಒಂದು ದೋಷ ಬಯಲಾಯಿತು. ಕೋರಿಕೆಯ ಒಂದು ಜಾಗದಲ್ಲಿ ‘ಎ’ ಅಕ್ಷರವನ್ನು 29 ಸಲ ಬರೆದು ಕಳಿಸಿದರೆ ಗುಪ್ತಪದವನ್ನೇ ಕೇಳದೆ ಅದು ಒಳಗೆ ಬಿಡುತ್ತಿತ್ತು. ವಿಂಡೋಸ್ ಎಷ್ಟೇ ಹೊಸದಿರಲಿ, ವೈರಸ್ ತಡೆ ಎಷ್ಟೇ ದುಬಾರಿಯದಿರಲಿ, ಅಡಿಪಾಯದ ಈ ಬಿರುಕು ಅವುಗಳ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಮುಚ್ಚುವುದು ಹೊಸ ಫರ್ಮ್‌ವೇರ್ ಒಂದೇ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ನವೀಕರಣವೇ ಯಂತ್ರವನ್ನು ಕೆಡಿಸಿದ ಉದಾಹರಣೆಗಳು ಇವೆ, ಅವನ್ನು ಮುಚ್ಚಿಟ್ಟು ವಾದ ಮಾಡುವುದು ಪ್ರಾಮಾಣಿಕತೆಯಲ್ಲ. 2014ರಲ್ಲಿ ಎಫ್‌ಟಿಡಿಐ ಕಂಪನಿಯ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕವೇ ಮನೆಮನೆಗೆ ಬಂತು. ಯುಎಸ್‌ಬಿ ತಂತಿಗಳಲ್ಲಿರುವ ತನ್ನ ಚಿಪ್ಪಿನ ನಕಲಿಗಳನ್ನು ಹುಡುಕಿ ಅವುಗಳ ಗುರುತಿನ ಸಂಖ್ಯೆಯನ್ನು ಸೊನ್ನೆ ಮಾಡಿ ಕೂರಿಸಿತು. ತಾವು ಕೊಂಡದ್ದು ನಕಲಿ ಎಂದು ಗೊತ್ತೇ ಇಲ್ಲದ ಜನರ ಉಪಕರಣಗಳು ನಿಂತುಹೋದವು. ಕೂಗೆದ್ದ ಮೇಲೆ ಕಂಪನಿ ಆ ಡ್ರೈವರನ್ನು ಹಿಂತೆಗೆದುಕೊಂಡಿತು. 2018ರ ಜನವರಿಯಲ್ಲಿ ಪ್ರೊಸೆಸರುಗಳ ಸ್ಪೆಕ್ಟರ್ ಎಂಬ ದೋಷಕ್ಕೆ ಇಂಟೆಲ್ ತರಾತುರಿಯಲ್ಲಿ ಕೊಟ್ಟ ಮೈಕ್ರೋಕೋಡ್ (ಪ್ರೊಸೆಸರಿನ ಒಳ ಆಜ್ಞೆಗಳ ತಿದ್ದುಪಡಿ) ಕೆಲವು ಕಂಪ್ಯೂಟರುಗಳನ್ನು ತಾವಾಗಿಯೇ ಮರುಚಾಲನೆಗೊಳ್ಳುವಂತೆ ಮಾಡಿತು. ಜನವರಿ 22ರಂದು ಇಂಟೆಲ್ ತಾನೇ ಮುಂದೆ ಬಂದು ಇದನ್ನು ಹಾಕುವುದನ್ನು ನಿಲ್ಲಿಸಿ ಎಂದು ಕೇಳಿಕೊಂಡಿತು. 2024ರ ಜುಲೈ 19ರ ಶುಕ್ರವಾರವಂತೂ ಎಲ್ಲರಿಗೂ ನೆನಪಿರಬಹುದು. ವಿಂಡೋಸ್‌ನ ತಿರುಳಿನಲ್ಲಿ ಡ್ರೈವರ್ ಆಗಿ ಕೂರುವ ಕ್ರೌಡ್‌ಸ್ಟ್ರೈಕ್ ಎಂಬ ಕಾವಲು ತಂತ್ರಾಂಶಕ್ಕೆ ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಒಂದು ದತ್ತಾಂಶ ಕಡತ ಹೊರಟಿತು. ಅದು ಕೇಳಿದ್ದು 21 ಮಾಹಿತಿ, ತಂತ್ರಾಂಶದ ಬಳಿ ಇದ್ದದ್ದು 20. ಇಲ್ಲದ ಇಪ್ಪತ್ತೊಂದನೆಯದಕ್ಕೆ ಕೈಚಾಚಿದ ಯಂತ್ರಗಳು ನೀಲಿ ಪರದೆ ತೋರಿಸಿ ಬಿದ್ದವು. 10 ಗಂಟೆ 57 ನಿಮಿಷಕ್ಕೆ ಕಡತವನ್ನು ವಾಪಸು ಪಡೆದರೂ ಅಷ್ಟರಲ್ಲಿ ಸುಮಾರು 85 ಲಕ್ಷ ಕಂಪ್ಯೂಟರುಗಳು ನೆಲ ಹಿಡಿದಿದ್ದವು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ವಿಮಾನ ಕಂಪನಿಗಳ ಚೆಕ್-ಇನ್ ವ್ಯವಸ್ಥೆ ಕೈಕೊಟ್ಟು ಪ್ರಯಾಣಿಕರ ಸಾಲು ಬೆಳೆಯಿತು.

ಈ ಮೂರನ್ನೂ ಎದುರಿಗಿಟ್ಟುಕೊಂಡು ಯೋಚಿಸಿದರೆ ನನಗೆ ಕಾಣುವುದು ಇಷ್ಟು. ಮೂರರಲ್ಲೂ ಕೆಟ್ಟ ತುಣುಕು ಬಹಳಷ್ಟು ಯಂತ್ರಗಳಿಗೆ ಹೋದ ಮೇಲೆಯೇ ಅದರ ಕೇಡು ಬಯಲಾಯಿತು. ಕ್ರೌಡ್‌ಸ್ಟ್ರೈಕ್‌ನವರು ಕೂಡ ಆ ಬಳಿಕ ಹಂತಹಂತವಾಗಿ ಕಳಿಸುತ್ತೇವೆ ಎಂದು ಒಪ್ಪಿಕೊಂಡರು. ಹೊಸ ಬಿತ್ತನೆ ಬೀಜ ಬಂದಾಗ ಇಡೀ ಗದ್ದೆಗೆ ಚೆಲ್ಲದೆ ಒಂದು ಮಡಿಯಲ್ಲಿ ಹಾಕಿ ನೋಡುವ ರೈತನ ವಿವೇಕವೇ ಇಲ್ಲಿಯೂ ಬೇಕಾದದ್ದು. ಹತ್ತು ಕಂಪ್ಯೂಟರುಗಳಿದ್ದರೆ ಮೊದಲು ಒಂದಕ್ಕೆ. ಒಂದು ವಾರ ಪ್ರಿಂಟರು, ಬೆರಳಚ್ಚು, ಕನ್ನಡ ಕೀಲಿಮಣೆ ಎಲ್ಲ ಸರಿಯಾಗಿ ನಡೆದರೆ ಉಳಿದ ಒಂಬತ್ತಕ್ಕೆ. ಮುಟ್ಟುವ ಮೊದಲು ದತ್ತಾಂಶದ ಪ್ರತಿ ಬೇರೆ ಡಿಸ್ಕಿನಲ್ಲಿರಬೇಕು, ಆ ಪ್ರತಿ ನಿಜಕ್ಕೂ ತೆರೆಯುತ್ತದೆಯೇ ಎಂದು ತೆರೆದು ನೋಡಿರಬೇಕು. ಹಿಂದಿರುಗುವ ದಾರಿ ಗೊತ್ತಿರಬೇಕು: ಡಿವೈಸ್ ಮ್ಯಾನೇಜರಿನಲ್ಲಿ ಹಳೆಯ ಡ್ರೈವರಿಗೆ ಮರಳುವ ಗುಂಡಿ ಇದೆ, ಫರ್ಮ್‌ವೇರ್‌ಗೆ ಆ ಅನುಕೂಲ ಎಲ್ಲ ಯಂತ್ರಗಳಲ್ಲೂ ಇರುವುದಿಲ್ಲ. ಹಾಗಾಗಿ ಡ್ರೈವರಿಗಿಂತ ಫರ್ಮ್‌ವೇರ್ ವಿಷಯದಲ್ಲಿ ಇನ್ನಷ್ಟು ನಿಧಾನ ಒಳ್ಳೆಯದು. ತಯಾರಕರ ಟಿಪ್ಪಣಿಯಲ್ಲಿ ಯಾವ ದೋಷ ತಿದ್ದಿದ್ದೇವೆ ಎಂದು ಬರೆದಿರುತ್ತಾರೆ. ಅದನ್ನು ಓದಿ, ನಮಗೆ ಸಂಬಂಧಿಸಿದ್ದೇ ಎಂದು ನೋಡಿ ಆಮೇಲೆ ಕೈಹಾಕಬೇಕು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಫರ್ಮ್‌ವೇರ್ ಬದಲಾದೊಡನೆ ಅದು ಅನುಮಾನಗೊಂಡು 48 ಅಂಕಿಯ ಕೀಲಿ ಕೇಳಬಹುದು. ಅದನ್ನು ಮೊದಲೇ ತಾತ್ಕಾಲಿಕವಾಗಿ ತಡೆಹಿಡಿದು, ಕೀಲಿಯನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿಟ್ಟಿರಬೇಕು. ಕ್ರೌಡ್‌ಸ್ಟ್ರೈಕ್ ದಿನ ಎಷ್ಟೋ ಸಂಸ್ಥೆಗಳು ದುರಸ್ತಿಯ ದಾರಿ ಗೊತ್ತಾದ ಮೇಲೂ ಈ ಕೀಲಿ ಹುಡುಕುವುದರಲ್ಲಿ ಗಂಟೆಗಟ್ಟಲೆ ಕಳೆದವು.

‘ವಿಂಡೋಸ್ ತಾನೇ ಎಲ್ಲ ಮಾಡಿಕೊಳ್ಳುತ್ತದಲ್ಲ’ ಎನ್ನುವವರಿಗೆ ಅರ್ಧ ಒಪ್ಪಿಗೆ ಕೊಡಬಹುದು. ಮನೆಯಲ್ಲಿ ಓದುವ ಮಕ್ಕಳ ಲ್ಯಾಪ್‌ಟಾಪಿಗೆ ಬಹುಮಟ್ಟಿಗೆ ಅಷ್ಟು ಸಾಕು. ಅಂಥವರು ಅಪ್‌ಡೇಟನ್ನು ಮುಂದೂಡುತ್ತ ಹೋಗದಿದ್ದರೆ ಅದೇ ದೊಡ್ಡದು. ಆದರೆ ತಯಾರಕರು ಮೈಕ್ರೋಸಾಫ್ಟಿಗೆ ಒಪ್ಪಿಸಿದ್ದಷ್ಟೇ ಆ ದಾರಿಯಲ್ಲಿ ಬರುತ್ತದೆ. ಅದರಲ್ಲೂ ಕೆಲವು ‘ಐಚ್ಛಿಕ’ ಎಂಬ ಪಟ್ಟಿಯಲ್ಲಿ ಯಾರಾದರೂ ಬಂದು ಒತ್ತುವವರೆಗೆ ಕಾದಿರುತ್ತವೆ. ಸರ್ವರಿನ ಡಿಸ್ಕು, ಅದನ್ನು ನಿಯಂತ್ರಿಸುವ ಕಾರ್ಡು, ಐಡ್ರಾಕ್‌ನಂಥ ಚಿಪ್ಪು ಇವುಗಳ ಫರ್ಮ್‌ವೇರ್ ಸಾಮಾನ್ಯವಾಗಿ ತಯಾರಕರ ಜಾಗದಿಂದಲೇ ತರಬೇಕಾದದ್ದು. ಇಲ್ಲಿಯೇ ಇನ್ನೊಂದು ಎಚ್ಚರಿಕೆ: ಪ್ರಿಂಟರಿನ ಜೊತೆ ಬಂದ ಸೀಡಿ ಕಳೆದುಹೋದಾಗ ಅಂತರಜಾಲದಲ್ಲಿ ಮೊದಲು ಕಂಡ ‘ಉಚಿತ ಡ್ರೈವರ್’ ಇಳಿಸಿಕೊಳ್ಳುವುದು, ಕಂಪ್ಯೂಟರಿನ ಎಲ್ಲ ಡ್ರೈವರುಗಳನ್ನೂ ಒಂದೇ ಏಟಿಗೆ ಹೊಸದು ಮಾಡುತ್ತೇವೆ ಎನ್ನುವ ತಂತ್ರಾಂಶ ಹಾಕುವುದು, ಇವೆರಡೂ ಮನೆಗೆ ಕಳ್ಳನನ್ನು ಕರೆತರುವ ದಾರಿ. ಡ್ರೈವರ್ ವಿಂಡೋಸ್‌ನ ಗರ್ಭಗುಡಿಯವರೆಗೂ ಹೋಗಬಲ್ಲದು. ಅಲ್ಲಿಗೆ ಯಾರನ್ನು ಬಿಡುತ್ತೇವೆ ಎಂಬುದರಲ್ಲಿ ಔದಾರ್ಯ ಸಲ್ಲ.

ಉಳಿದದ್ದು ನಮ್ಮ ನೆಲದ ಆಕ್ಷೇಪ: ಕರೆಂಟ್ ನಂಬುವಂತಿಲ್ಲ, ಜನ ಇಲ್ಲ, ದುಡ್ಡಿಲ್ಲ. ಮೊದಲನೆಯದು ನಿಜವಾದ ಅಪಾಯ. ಫರ್ಮ್‌ವೇರ್ ಬರೆಯುವ ನಡುವೆ ವಿದ್ಯುತ್ ಹೋದರೆ ಕಡತವನ್ನು ಅಳಿಸಿ, ಇನ್ನೂ ಬರೆಯದೆ ಎದ್ದುಹೋದಂತೆ. ಯಂತ್ರ ಏಳದೆಯೇ ಹೋಗಬಹುದು. ಅದಕ್ಕಾಗಿಯೇ ಹಲವು ಲ್ಯಾಪ್‌ಟಾಪುಗಳು ಚಾರ್ಜರ್ ಸಿಕ್ಕಿಸದೆ ಈ ಕೆಲಸಕ್ಕೆ ಒಪ್ಪುವುದಿಲ್ಲ. ಮರ ಬಿದ್ದು ತಂತಿ ಕಡಿಯುವ ಆಷಾಢದ ಸಂಜೆ ಬಿಟ್ಟು ಬೇಸಿಗೆಯ ಬೆಳಗನ್ನು ಆರಿಸಿಕೊಳ್ಳುವುದು, ಯುಪಿಎಸ್ ಬ್ಯಾಟರಿ ನಿಜವಾಗಿ ಅರ್ಧ ಗಂಟೆ ತಡೆಯುತ್ತದೆಯೇ ಎಂದು ಹಿಂದಿನ ದಿನ ಪರೀಕ್ಷಿಸುವುದು ನಮ್ಮ ಕೈಯಲ್ಲೇ ಇದೆ. ಇನ್ನು ಜನ, ದುಡ್ಡು. ಡ್ರೈವರ್, ಫರ್ಮ್‌ವೇರ್‌ಗಳಿಗೆ ಬಹುಪಾಲು ಬೆಲೆಯೇ ಇರುವುದಿಲ್ಲ. ಬೇಕಾಗುವುದು ಬಲ್ಲ ಒಬ್ಬ ವ್ಯಕ್ತಿಯ ಮೂರು ತಿಂಗಳಿಗೊಂದು ದಿನ. ಒಂದೊಂದು ಕಚೇರಿಗೆ ಒಬ್ಬನನ್ನು ಕೊಡಲಾಗದು ಎಂಬುದನ್ನು ಒಪ್ಪೋಣ. ಸೊರಬ, ಶಿಕಾರಿಪುರದಂಥ ತಾಲ್ಲೂಕಿಗೆ ಒಬ್ಬನನ್ನು ಗೊತ್ತುಮಾಡಿ, ಹೋಬಳಿಯಿಂದ ಹೋಬಳಿಗೆ ಸರದಿಯಲ್ಲಿ ಕಳಿಸುವುದು ಆಗದ ಮಾತೇ? ಹಳ್ಳಿಗಳಿಗೆ ಬರುತ್ತಿರುವ ಯಂತ್ರಗಳ ಸಂಖ್ಯೆ ಕಡಿಮೆಯಾಗುವ ಲಕ್ಷಣವೂ ಇಲ್ಲ. 2022ರಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರೀಕರಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ರೈತನ ಸಾಲದ ಲೆಕ್ಕ, ಅಡಿಕೆ ಮಾರಿದ ಲೆಕ್ಕ ಎಲ್ಲವೂ ಡಿಸ್ಕಿನ ಮೇಲೆ ಕೂರುವ ಕಾಲ ಇದು. ಇದರ ಜೊತೆಗೆ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತಿತು. ಹಳೆಯ ಯಂತ್ರಕ್ಕೆ ಹೊಸ ವಿಂಡೋಸ್ ಹೊಂದುತ್ತದೆಯೇ, ಅದಕ್ಕೆ ಡ್ರೈವರುಗಳು ಸಿಗುತ್ತವೆಯೇ ಎಂಬ ಪ್ರಶ್ನೆಯನ್ನು ಪ್ರತಿ ಶಾಲೆಯೂ ಕಚೇರಿಯೂ ಕೇಳಿಕೊಳ್ಳಲೇಬೇಕಾಗಿದೆ.

ಆದ್ದರಿಂದ ಸೊರಬ, ಶಿಕಾರಿಪುರ ತಾಲ್ಲೂಕುಗಳ ಅಧಿಕಾರಿಗಳಲ್ಲಿ, ಪಂಚಾಯಿತಿಯವರಲ್ಲಿ, ಶಾಲೆಗಳ ಮುಖ್ಯೋಪಾಧ್ಯಾಯರಲ್ಲಿ, ಸಹಕಾರ ಸಂಘಗಳ ಕಾರ್ಯದರ್ಶಿಗಳಲ್ಲಿ ನನ್ನ ಬಿನ್ನಹ ಇಷ್ಟು. ಪ್ರತಿ ಯಂತ್ರಕ್ಕೆ ಒಂದು ಪುಸ್ತಕ ಇಡಿ. ಮಾದರಿ ಯಾವುದು, ಫರ್ಮ್‌ವೇರ್ ಸಂಖ್ಯೆ ಎಷ್ಟು, ಯಾವ ದಿನ ಯಾರು ಏನು ಬದಲಿಸಿದರು ಎಂಬುದು ಅದರಲ್ಲಿರಲಿ. ‘ಸರ್ವರ್ ಇಲ್ಲ’ ಎಂದು ಜನರನ್ನು ಹಿಂದೆ ಕಳಿಸಿದ ಪ್ರತಿ ಸಲವೂ ನಿಜವಾದ ಕಾರಣ ಏನಿತ್ತು ಎಂದು ಅದೇ ಪುಸ್ತಕದಲ್ಲಿ ಒಂದು ಸಾಲು ಬರೆಯಿರಿ. ಮುಂದಿನ ಖರೀದಿಯ ಕಡತ ನಿಮ್ಮ ಮೇಜಿಗೆ ಬಂದಾಗ ಯಂತ್ರದ ಬೆಲೆಯ ಕೆಳಗೆ ಐದು ವರ್ಷದ ನಿರ್ವಹಣೆಗೆ ಎಷ್ಟು ಹಣ, ನವೀಕರಣದ ಹೊಣೆ ಯಾರದು ಎಂಬ ಸಾಲು ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಸಹಿ ಹಾಕಬೇಡಿ. ಆ ಸಾಲು ಸೇರಿಸಿ ತನ್ನಿ ಎಂದು ವಾಪಸು ಕಳಿಸಿ.